ಆರ್ ತಗೊಳ್ಳಲಾ, ಎಸ್ ತಗೊಳ್ಳಲಾ?

ಗಾಲ್ಫ್ ಅಭ್ಯಾಸದ ರೇಂಜ್‌ನಲ್ಲಿ ಪಕ್ಕ ನಿಂತು ಹೊಡೆಯುವವರು ಕೇಳುತ್ತಾರೆ, ಆಫೀಸಿನಲ್ಲಿ ಹೊಸದಾಗಿ ಗಾಲ್ಫ್ ಶುರು ಮಾಡಿದವರು ಕೇಳುತ್ತಾರೆ. ಹೋದ ತಿಂಗಳು ಮೈಸೂರಿನಿಂದ ನಮ್ಮ ಭಾವ ಫೋನ್ ಮಾಡಿದ್ದೂ ಇದಕ್ಕೇ. "ಹೊಸ ಡ್ರೈವರ್ ತಗೋತಾ ಇದೀನಿ, ಶಾಫ್ಟ್ ರೆಗ್ಯುಲರ್ ಇರಲೋ, ಸ್ಟಿಫ್ ಇರಲೋ?" ಡ್ರೈವರ್ ಅಂದರೆ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು), ಶಾಫ್ಟ್ ಅಂದರೆ ಅದರ ಉದ್ದನೆಯ ದಂಡ. ಆ ದಂಡ ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಗುರುತು ಈ ಅಕ್ಷರಗಳು: ಆರ್ ಅಂದರೆ ರೆಗ್ಯುಲರ್, ಎಸ್ ಅಂದರೆ ಅದಕ್ಕಿಂತ ಗಟ್ಟಿಯಾದ ಸ್ಟಿಫ್.

ನಾನು ಪ್ರತಿ ಸಲ ತಿರುಗಿ ಕೇಳುವುದು ಒಂದೇ. ಕ್ಲಬ್ ಮೇಲೆ ಹೋಗಿ ಕೆಳಗೆ ತಿರುಗುವ ಆ ಗಳಿಗೆಯಲ್ಲಿ ನೀವು ಎಳೆಯುತ್ತೀರಾ, ಅಥವಾ ಮೆಲ್ಲಗೆ ಬರುತ್ತೀರಾ?

ಭಾವನಿಗೆ ಇದು ತಕ್ಷಣ ಅರ್ಥವಾಯಿತು, ಯಾಕೆಂದರೆ ಊರಲ್ಲಿ ಅವರದು ಅಡಿಕೆ ತೋಟ. ಈಗ ಅಡಿಕೆ ಗೊನೆ ಕೊಯ್ಯಲು ಬಳಸುವ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ನೋಡಿದ್ದೀರಲ್ವಾ? ನಮ್ಮ ಗ್ರಾಫೈಟ್ ಶಾಫ್ಟ್ ಕೂಡ ಅದೇ ಜಾತಿಯ ವಸ್ತು. ದೋಟಿಯ ಬುಡವನ್ನು ಫಕ್ಕನೆ ಎಳೆದರೆ ತುದಿ ಹಿಂದೆ ಉಳಿದು ಬಾಗುತ್ತದೆ, ಮೆಲ್ಲಗೆ ತಿರುಗಿಸಿದರೆ ಅದೇ ದೋಟಿ ಅಷ್ಟು ಬಳುಕುವುದಿಲ್ಲ. ಡ್ರೈವರ್‌ನ ತುದಿಯಲ್ಲಿ ಸುಮಾರು 200 ಗ್ರಾಂ ತೂಕದ ಹೆಡ್ (ಚೆಂಡಿಗೆ ಬಡಿಯುವ ಭಾಗ) ಇರುತ್ತದೆ, ಕೆಲಸ ಮಾತ್ರ ಅದೇ. ಹಾಗಾಗಿ ಒಂದೇ ವೇಗದಲ್ಲಿ ಹೊಡೆಯುವ ಇಬ್ಬರಿಗೆ ಒಂದೇ ಶಾಫ್ಟ್ ಸರಿಹೋಗಬೇಕು ಅಂತೇನಿಲ್ಲ. ಫಕ್ಕನೆ ಎಳೆಯುವವರಿಗೆ ಗಟ್ಟಿಯದು, ಮೆಲ್ಲಗೆ ಬರುವವರಿಗೆ ಮೆತ್ತಗಿನದು ಹೊಂದುವುದೇ ಹೆಚ್ಚು.

ವೇಗದ ಲೆಕ್ಕ ಬೇಡ ಅಂತ ಹೇಳುತ್ತಿಲ್ಲ. ಶುರು ಮಾಡಲು ಅದು ಬೇಕೇ ಬೇಕು. ಡ್ರೈವರ್ ವೇಗ ಗಂಟೆಗೆ 75ರಿಂದ 85 ಮೈಲಿ ಇದ್ದರೆ ಸೀನಿಯರ್ (ರೆಗ್ಯುಲರ್‌ಗಿಂತ ಮೆತ್ತಗಿನದು), 85ರಿಂದ 95 ಇದ್ದರೆ ರೆಗ್ಯುಲರ್, 95ರಿಂದ 105 ಇದ್ದರೆ ಸ್ಟಿಫ್, ಅದಕ್ಕಿಂತ ಜಾಸ್ತಿ ಇದ್ದರೆ ಎಕ್ಸ್‌ಟ್ರಾ ಸ್ಟಿಫ್ ಅನ್ನುವುದು ರೂಢಿ. ಈ ವೇಗವನ್ನು ಲಾಂಚ್ ಮಾನಿಟರ್ ಅನ್ನುವ ಅಳತೆಯ ಯಂತ್ರದಲ್ಲೇ ಅಳೆಸಿಕೊಳ್ಳಿ, ಚೆಂಡು ಹೋದ ದೂರ ನೋಡಿ ಊಹಿಸಬೇಡಿ. ಬೆಂಗಳೂರು ಕಡಲ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಗಾಳಿ ತೆಳು, ಚೆಂಡು ಮಂಗಳೂರಿಗಿಂತ ಕೆಲವು ಯಾರ್ಡ್ ಜಾಸ್ತಿಯೇ ಹಾರುತ್ತದೆ.

ಇನ್ನು ಶಾಫ್ಟ್ ಮೇಲಿನ ಅಕ್ಷರ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಗಟ್ಟಿ ಇರಬಹುದು. ನಾನು ಮೊದಲ ಡ್ರೈವರ್ ಕೊಂಡಾಗ ಅಂಗಡಿಯವರು "ನೀವು ಇನ್ನೂ ವಯಸ್ಸಿನಲ್ಲಿದ್ದೀರಿ, ಎಸ್ ತಗೊಳ್ಳಿ" ಅಂದರು, ವೇಗ ಅಳೆಯಲಿಲ್ಲ. ಎರಡು ವರ್ಷ ನನ್ನ ಚೆಂಡು ತಗ್ಗಾಗಿ ಹೋಗಿ ಬಲಕ್ಕೆ ಸರಿಯುತ್ತಿತ್ತು. ನಾನು ಇನ್ನೂ ಬಲ ಹಾಕಿ ಹೊಡೆದೆ, ಭುಜ ನೋವು ಬಂತು. ಅದಕ್ಕೇ ಈ ಪ್ರಶ್ನೆಗೆ ಯಾರಾದರೂ ಸುಮ್ನೆ ಒಂದು ಅಕ್ಷರ ಹೇಳಿ ಕಳಿಸಿದರೆ ನನಗೆ ಬೇಜಾರಾಗುತ್ತದೆ. ಗಟ್ಟಿ ಶಾಫ್ಟ್ ಇದ್ದರೆ ದೊಡ್ಡ ಆಟಗಾರ ಅನ್ನುವ ಭಾವನೆಯನ್ನೂ ಬಿಡಬೇಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ.

ಬಲಗೈ ಆಟಗಾರರಿಗೆ ಶಾಫ್ಟ್ ತೀರಾ ಮೆತ್ತಗಿದ್ದರೆ ಚೆಂಡು ಎತ್ತರ ಹೋಗಿ ಎಡಕ್ಕೆ ವಾಲುವುದು ಸಾಮಾನ್ಯ, ತೀರಾ ಗಟ್ಟಿಯಿದ್ದರೆ ತಗ್ಗಾಗಿ ಬಲಕ್ಕೆ. ಆದರೆ ನಿಮ್ಮ ಸ್ಲೈಸ್‌ಗೆಲ್ಲ (ಚೆಂಡು ಬಲಕ್ಕೆ ತಿರುಗಿ ಹೋಗುವುದಕ್ಕೆಲ್ಲ) ಶಾಫ್ಟೇ ಕಾರಣ ಅಂದುಕೊಳ್ಳಬೇಡಿ, ಕ್ಲಬ್‌ನ ಮುಖ ತೆರೆದುಕೊಂಡೇ ಬಂದರೆ ಯಾವ ಶಾಫ್ಟೂ ಉಳಿಸುವುದಿಲ್ಲ. ಶಾಫ್ಟ್ ಚೆಂಡನ್ನು ಕವಣೆಯ ಹಾಗೆ ಎಸೆಯುತ್ತದೆ ಅನ್ನುವುದೂ ತಪ್ಪು. ಚೆಂಡು ಕ್ಲಬ್ಬಿಗೆ ತಾಗಿಕೊಂಡಿರುವುದು ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಹೊತ್ತಿಗೆ ಶಾಫ್ಟ್‌ನ ಕೆಲಸ ಮುಗಿದಿರುತ್ತದೆ. ಹೆಡ್ಡನ್ನು ಯಾವ ಕೋನದಲ್ಲಿ ಚೆಂಡಿನ ಹತ್ತಿರ ತಂದು ನಿಲ್ಲಿಸುತ್ತದೆ, ನಿಮ್ಮ ಕೈಗೆ ಹೆಡ್ ಎಲ್ಲಿದೆ ಅಂತ ಗೊತ್ತಾಗುತ್ತದಾ, ಅಷ್ಟೇ ಅದರ ಪಾತ್ರ.

ಅದಕ್ಕಾಗಿಯೇ ನಾನು ಅಕ್ಷರಕ್ಕಿಂತ ಮೊದಲು ಶಾಫ್ಟ್‌ನ ತೂಕ ನೋಡಿ ಅನ್ನುತ್ತೇನೆ. ಡ್ರೈವರ್ ಶಾಫ್ಟ್‌ಗಳು ಸಾಮಾನ್ಯವಾಗಿ 40ರಿಂದ 80 ಗ್ರಾಂ, ಐರನ್‌ಗಳ (ಕಡಿಮೆ ದೂರಕ್ಕೆ ಬಳಸುವ ಲೋಹದ ಕ್ಲಬ್‌ಗಳ) ಸ್ಟೀಲ್ ಶಾಫ್ಟ್ ಆದರೆ ಕೆಲವು 130 ಗ್ರಾಂವರೆಗೂ ಇರುತ್ತವೆ. ತೀರಾ ಹಗುರವಾದರೆ ಕೈ ಅವಸರ ಮಾಡುತ್ತದೆ, ತೀರಾ ಭಾರವಾದರೆ ಹದಿನಾಲ್ಕನೇ ಹೋಲ್ ಹೊತ್ತಿಗೆ ಮೈ ಸೋಲುತ್ತದೆ.

ಪರೀಕ್ಷೆ ಮಾಡುವಾಗ ಹೆಡ್ ಒಂದೇ ಇರಲಿ, ಶಾಫ್ಟ್ ಮಾತ್ರ ಬದಲಿಸಿ. ಒಂದೊಂದರಲ್ಲೂ ಹತ್ತು ಚೆಂಡು ಹೊಡೆಯಿರಿ. ಅತಿ ದೂರ ಹೋದ ಒಂದು ಚೆಂಡನ್ನು ನೋಡಿ ಮರುಳಾಗಬೇಡಿ, ಹತ್ತೂ ಎಷ್ಟು ಅಗಲಕ್ಕೆ ಚದುರಿವೆ ನೋಡಿ. ಸುಸ್ತಾದ ಮೇಲೆ ಇನ್ನೊಂದು ಸುತ್ತು ಹೊಡೆಯಿರಿ, ಆಟದಲ್ಲಿ ನಿಮ್ಮ ಜೊತೆ ಇರುವುದು ಆ ಸ್ವಿಂಗೇ.

ಭಾವನ ವೇಗ 97 ಮೈಲಿ ಬಂತು. ಪಟ್ಟಿ ನೋಡಿದರೆ ಸ್ಟಿಫ್. ಆದರೆ ಅವರು ಮೇಲೆ ಒಂದು ಗಳಿಗೆ ನಿಂತು, ಮೆಲ್ಲಗೆ ಕೆಳಗಿಳಿಯುವವರು. 50 ಗ್ರಾಂನ ಎಸ್‌ನಲ್ಲಿ ಅರ್ಧ ಚೆಂಡು ಬಲಗಡೆಯ ಮರಗಳ ಕಡೆ ಹೋದವು. 60 ಗ್ರಾಂನ ಆರ್‌ನಲ್ಲಿ ಹತ್ತರಲ್ಲಿ ಏಳು ನಡುವಿನಲ್ಲೇ ಬಿದ್ದವು. ಅದನ್ನೇ ತಗೊಂಡರು.