ನವಣೆಗೊಂದು, ಕುಸುಬಿಗೊಂದು: ಹಿತ್ತಲ ಹಕ್ಕಿಗಳಿಗೆ ಕಾಳಿನ ಡಬ್ಬಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಕ್ಕಿಗೆ ಕಾಳಿಡುವವರ ದೊಡ್ಡ ತಲೆನೋವು ಪಾರಿವಾಳ. ಗೋಧಿ, ಮೆಕ್ಕೆಜೋಳದ ಮಿಶ್ರಣ ತಂದು ಸುರಿದರೆ ಡಬ್ಬಿ ಎಷ್ಟೇ ತುಟ್ಟಿಯದಿರಲಿ, ಅವು ಹಿಂಡುಗಟ್ಟಿ ಬಂದು ಕೂರುತ್ತವೆ, ಗುಬ್ಬಿ ತಂತಿಯ ಮೇಲೆಯೇ ಉಳಿಯುತ್ತದೆ. ಹಾಗಾಗಿ ಡಬ್ಬಿಗಿಂತ ಮೊದಲು ಕಾಳು ಗೊತ್ತುಮಾಡಿಕೊಳ್ಳಿ.

ಗುಬ್ಬಿ, ರಾಟವಾಳಕ್ಕೆ ಸಿಪ್ಪೆ ಸಹಿತ ನವಣೆ. ಇಪ್ಪತ್ತು ಗುಬ್ಬಿ ಬರುವ ಹಿತ್ತಲಿಗೆ ದಿನಕ್ಕೆ 100 ಗ್ರಾಂ ಸಾಕು. ಬಿತ್ತಿ ಉಳಿದ ಬೀಜವನ್ನು ಮಾತ್ರ ಹಾಕಲೇಬೇಡಿ, ಅದಕ್ಕೆ ಔಷಧ ಲೇಪಿಸಿರುತ್ತಾರೆ. ಚುರಮರಿಯೂ ಬೇಡ, ಹುರಿಯುವಾಗಲೇ ಉಪ್ಪು ಸೇರಿರುತ್ತದೆ.

ನವಣೆಗೆ ಬೋರಲು ಬಾಟಲಿಯ ಡಬ್ಬಿಯೇ ಸರಿ. ಒಂದು ಲೀಟರಿನ ಬಾಟಲಿ, ಕೆಳಗೆ 15 ಸೆಂ.ಮೀ. ಅಗಲದ, ಒಂದೂವರೆ ಸೆಂ.ಮೀ. ಅಂಚಿನ ತಟ್ಟೆ. ಬಾಟಲಿಯ ಬಾಯಿಗೂ ತಟ್ಟೆಗೂ ನಡುವೆ 1 ಸೆಂ.ಮೀ. ಸಂದು ಬಿಡಿ. ಸಂದು ಕಿರಿದಾದರೆ ಕಾಳು ಕಮಾನು ಕಟ್ಟಿ ನಿಂತುಬಿಡುತ್ತದೆ. ಬಾಟಲಿ ತುಂಬಿರುತ್ತದೆ, ತಟ್ಟೆ ಖಾಲಿ. ಜೋಳ ದಪ್ಪ ಕಾಳು, ಅದಕ್ಕೆ 2 ಸೆಂ.ಮೀ. ಬೇಕು.

ಮಾರುವ ಡಬ್ಬಿಗಳಲ್ಲಿ ಹೆಚ್ಚಾಗಿ ಎಡವಟ್ಟಾಗಿರುವುದು ನೀರು ಬಸಿಯುವ ತೂತು. ಒಂದೋ ಇರುವುದಿಲ್ಲ, ಇಲ್ಲವೇ 4 ಮಿ.ಮೀ. ಇರುತ್ತದೆ. ನವಣೆ ಕಾಳು ಸುಮಾರು 2 ಮಿ.ಮೀ., ಎಲ್ಲ ಸೋರಿ ನೆಲ ಸೇರುತ್ತದೆ. ನೆಲದ ಕಾಳಿಗೆ ಹೆಗ್ಗಣ, ಹೆಗ್ಗಣಕ್ಕೆ ಕೇರೆ ಹಾವು. ಹಳೆಯ ಚಹಾ ಸೋಸುವ ಜಾಳಿಗೆಯ ತುಂಡನ್ನು ತೂತಿನ ಮೇಲೆ ಕೂರಿಸಿದರೆ ನೀರಷ್ಟೇ ಇಳಿಯುತ್ತದೆ.

ಇಷ್ಟಾದರೂ ಪಾರಿವಾಳ ಜಗ್ಗದಿದ್ದರೆ ಡಬ್ಬಿಯ ಸುತ್ತ ಒಂದೂವರೆ ಇಂಚು ಕಣ್ಣಿನ ತಂತಿ ಜಾಳಿಗೆ ಕಟ್ಟಿ. ಜಾಳಿಗೆ ತಟ್ಟೆಗೆ ಒತ್ತಿಕೊಂಡಿದ್ದರೆ ಹೊರಗಿನಿಂದಲೇ ಕೊರಳು ಚಾಚಿ ತಿನ್ನುತ್ತವೆ, ಸುತ್ತಲೂ 10-12 ಸೆಂ.ಮೀ. ಅಂತರ ಇರಲಿ. ಅಳಿಲು ಇದರೊಳಗೂ ನುಸುಳುತ್ತದೆ. ಗೋಡೆ, ಟೊಂಗೆಯಿಂದ ಎಂಟು-ಹತ್ತು ಅಡಿ ದೂರ ತೂಗುಹಾಕಿ ನೋಡಿ. ಆಮೇಲೂ ಬಂದರೆ ಅದರ ಪಾಲು ಅದಕ್ಕೆ. ಗಾಜಿನ ಕಿಟಕಿ ಇದ್ದಲ್ಲಿ ಡಬ್ಬಿ ಒಂದು ಮೀಟರಿನೊಳಗಿರಬೇಕು, ಇಲ್ಲವೇ ಹತ್ತು ಮೀಟರ್ ಆಚೆ. ನಡುವಿನ ದೂರದಲ್ಲಿ ಬೆದರಿದ ಹಕ್ಕಿ ವೇಗ ಹಿಡಿದು ಗಾಜಿಗೆ ಬಡಿಯುತ್ತದೆ.

ಗಿಳಿಗೆ ಕುಸುಬಿ, ಸೂರ್ಯಕಾಂತಿ. ನಮ್ಮ ಕಡೆ ಕುಸುಬಿಗೆ ಬರವಿಲ್ಲ. ಪ್ಲಾಸ್ಟಿಕ್ ಡಬ್ಬಿಯನ್ನು ಗಿಳಿ ಕಡಿದು ಚೂರು ಮಾಡುವುದರಿಂದ ತಗಡು ಇಲ್ಲವೇ ತಂತಿಯದೇ ಬೇಕು. ಶೇಂಗಾ ಇಡುವುದಾದರೆ ಒಣಗಿದ್ದು, ಉಪ್ಪಿಲ್ಲದ್ದು. ಬೂಸ್ಟು ಹತ್ತಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಪಿಕಳಾರ, ಕುಟುರಕ್ಕೆ ಮೊಳೆಗೆ ಚುಚ್ಚಿದ ಪೇರಲ, ಪಪ್ಪಾಯಿ ಹೋಳು. ಮಧ್ಯಾಹ್ನಕ್ಕೆ ತೆಗೆದುಬಿಡಿ, ಇಲ್ಲದಿದ್ದರೆ ಇರುವೆ.

ಆನ್‌ಲೈನ್‌ನಲ್ಲಿ ಸಿಗುವ ಕೆಂಪು ಬಣ್ಣದ ಸಕ್ಕರೆ ನೀರಿನ ಬಾಟಲಿ ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು, ಆ ಹಕ್ಕಿ ನಮ್ಮಲ್ಲಿಲ್ಲ. ನಮ್ಮ ಸೂರಕ್ಕಿಗೆ ದಾಸವಾಳದ ಗಿಡ ಹಚ್ಚಿ, ದುಡ್ಡೂ ಉಳಿಯುತ್ತದೆ.

ತಟ್ಟೆ ತುಂಬಿದೆ ಎಂದು ದೂರದಿಂದ ನೋಡಿ ಸುಮ್ಮನಾಗಬೇಡಿ. ಗುಬ್ಬಿ ಸಿಪ್ಪೆಯನ್ನು ಅಲ್ಲೇ ಉಗುಳುತ್ತದೆ, ಮೇಲೆ ಕಾಣುವುದು ಬರೀ ಹೊಟ್ಟು. ಒಮ್ಮೆ ಉಫ್ ಅಂತ ಊದಿದರೆ ಗೊತ್ತಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದೇ ಹೊಟ್ಟು ನೀರು ಕುಡಿದು ಗಟ್ಟಿಯಾಗಿ, ಬೂಸ್ಟು ಹಿಡಿದು ಕೆಳಗಿನ ಕಾಳನ್ನೂ ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನಕ್ಕಾಗುವಷ್ಟೇ ತುಂಬಿ. ಎರಡು ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ, ದ್ರವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಒದ್ದೆ ಬಾಟಲಿಗೆ ಕಾಳು ಸುರಿದರೆ ತೊಳೆದದ್ದೇ ದಂಡ.

ಗದಗಿನ ಕಡೆ ಏಪ್ರಿಲ್-ಮೇನಲ್ಲಿ ಕಾಳಿಗಿಂತ ನೀರು ಮುಖ್ಯ. ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ಬೋಗುಣಿ, ಕಾಲೂರಲು ಒಂದು ಕಲ್ಲು, ನೆರಳಿನ ಜಾಗ. ನೀರು ದಿನವೂ ಬದಲಿಸಿ, ಬದಲಿಸುವಾಗ ಅಂಚನ್ನು ನಾರಿನಿಂದ ತಿಕ್ಕಿ: ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.