ನಿಮ್ಮ ನಾಯಿ ಕಚ್ಚಲ್ಲ, ಸರಿ. ಆದರೂ ತೋಟದಲ್ಲಿ ಚೈನ್ ಬಿಚ್ಚಬೇಡಿ

ಧಾರವಾಡದಿಂದ ಹಳಿಯಾಳದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಮಾವಿನ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಆಪೂಸು ಮರಗಳಿವೆ, ಎಮ್ಮೆಗಳಿವೆ, ಕೋಳಿಗಳಿವೆ. ಜೊತೆಗೆ ಬಂದವರು ಉಳಿದುಕೊಳ್ಳಲು ಕೆಲವು ಕೋಣೆಗಳಿವೆ. ಶನಿವಾರ, ಭಾನುವಾರ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಜನ ಬರುತ್ತಾರೆ. ಈಚೆಗೆ ನಾಯಿ ಕರೆದುಕೊಂಡು ಬರುವವರು ಜಾಸ್ತಿ. ನನಗಂತೂ ಇದು ಖುಷಿ. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನಾಯಿ ಮಣ್ಣಿನಲ್ಲಿ ಹೊರಳಾಡುವುದನ್ನು ನೋಡೋಕೆ ಯಾರಿಗೆ ಬೇಸರ?

ಆದರೆ ಈ ಕೆಲಸದಲ್ಲಿ ನನಗೆ ಚೆನ್ನಾಗಿ ಮನದಟ್ಟಾದ ವಿಷಯ ಒಂದಿದೆ. ತೋಟದಲ್ಲಿ ಹಾನಿ ಆಗೋಕೆ ನಾಯಿ ಕಚ್ಚಲೇಬೇಕು ಅಂತಿಲ್ಲ. ಓಡಿದರೆ ಸಾಕು.

"ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ ರೀ" ಅನ್ನುವ ಮಾತು ಗೇಟಿನ ಹತ್ತಿರ ನನಗೆ ದಿನಾ ಕೇಳಿಸುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಮನೆಯಲ್ಲಿ ಅದು ನಿಜವೇ.

ಹಿಂಗಾರಿ ಜೋಳ, ಕಡಲೆ ಕೊಯ್ದ ಮೇಲೆ ನಮ್ಮ ಪಕ್ಕದ ಹೊಲಗಳಲ್ಲಿ ಕುರಿ ತರುಬಿಸುತ್ತಾರೆ. ಕುರಿಗಾರರು ಹಿಂಡನ್ನು ರಾತ್ರಿ ಹೊಲದಲ್ಲೇ ನಿಲ್ಲಿಸುತ್ತಾರೆ. ಹಿಕ್ಕೆ, ಉಚ್ಚೆ ಎಲ್ಲ ಹೊಲಕ್ಕೇ ಗೊಬ್ಬರ. ರೈತ ಅದಕ್ಕೆ ಕಾಳೋ ದುಡ್ಡೋ ಕೊಡುತ್ತಾನೆ. ಅಂಥ ಒಂದು ಹಿಂಡಿನ ಕಡೆ ನಮ್ಮಲ್ಲಿಗೆ ಬಂದಿದ್ದ ಒಂದು ಲ್ಯಾಬ್ರಡಾರ್ ಓಡಿತು. ಬಾಲ ಅಲ್ಲಾಡಿಸುತ್ತಲೇ ಓಡಿತು. ಅದಕ್ಕೆ ಅದು ಆಟ. ಕುರಿಗಳು ಒಂದರ ಮೇಲೊಂದು ಬಿದ್ದು ಬದುವಿನ ಮೂಲೆಗೆ ಹೋಗಿ ಒತ್ತಿಕೊಂಡವು. ಒಂದು ಕುರಿಯನ್ನೂ ನಾಯಿ ಮುಟ್ಟಲಿಲ್ಲ. ಅದರ ಯಜಮಾನರು ಓಡಿಬಂದು, "ಅಜ್ಜಾ, ಅದು ಕಚ್ಚಲ್ಲ, ಆಟ ಆಡ್ತಿದೆ ಅಷ್ಟೇ" ಅಂದರು.

ಕುರಿ ಕಾಯುವ ಅಜ್ಜ ಸಿಟ್ಟು ಮಾಡಲಿಲ್ಲ. "ಆಟಕ್ಕ ಬಂದೈತಿ ಅಂತ ನನಗ ತಿಳೀತ್ರೀ ಸಾಹೇಬ್ರ. ಕುರಿಗೆ ತಿಳೀಬೇಕಲ್ರೀ?" ಅಂದ.

ಮರುದಿನ ಒಂದು ಗಬ್ಬದ ಕುರಿ ಕಂದು ಹಾಕಿತು. ಹೆದರಿ ಓಡಿದ್ದರಿಂದಲೇ ಅಂತ ಅಜ್ಜನಿಗೆ ಖಾತ್ರಿ ಇತ್ತು. ಗಬ್ಬದ ಕುರಿಗಳನ್ನು ನಾಯಿ ಅಟ್ಟಿಸಿದರೆ ಹೀಗಾಗುವುದುಂಟು ಅಂತ ಪಶುವೈದ್ಯರೂ ಹೇಳುತ್ತಾರೆ. ಕುರಿ ಗಬ್ಬ ಸುಮಾರು ಐದು ತಿಂಗಳಿನದು. ನಮ್ಮ ಕಡೆಯ ದಖನಿ ಕುರಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಆ ಒಂದು ಮರಿ ಹೋದರೆ ಐದು ತಿಂಗಳ ದುಡಿಮೆ ಹೋದ ಹಾಗೆ. ನಾಯಿಯ ಯಜಮಾನರು ದುಡ್ಡು ಕೊಟ್ಟರು, ತಕರಾರು ಮಾಡಲಿಲ್ಲ. ಒಳ್ಳೆಯ ಜನ. ಅದಕ್ಕೇ ಹೇಳುತ್ತಿದ್ದೇನೆ, ಒಳ್ಳೆಯ ಜನ, ಒಳ್ಳೆಯ ನಾಯಿ ಇದ್ದಾಗಲೂ ಇದು ಆಗುತ್ತದೆ.

ಮುಧೋಳ ನಾಯಿ ತರುವವರು ಇನ್ನೂ ಸ್ವಲ್ಪ ಎಚ್ಚರ ಇರಬೇಕು. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿ ಹಿಡಿಯುವ ತಳಿ. ಮೊಲ ಕಂಡಿತೋ, ಆಮೇಲೆ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ಎಳೆದಷ್ಟೂ ಉದ್ದ ಆಗುವ ಲೀಶ್ ಕೂಡ ತೋಟಕ್ಕೆ ಬೇಡ. ನಾಯಿ ಎಲ್ಲೋ, ನೀವು ಎಲ್ಲೋ. ಎರಡು ಮೀಟರಿನ ಗಟ್ಟಿ ಚೈನೋ ಪಟ್ಟಿಯೋ ಸಾಕು.

ಒಂದು ವಿಷಯದಲ್ಲಿ ಮಾತ್ರ ಚೈನ್ ಕೈಬಿಡಿ ಅಂತ ನಾನೇ ಹೇಳುತ್ತೇನೆ. ಕರು ಇರುವ ಎಮ್ಮೆ ನಾಯಿ ಕಂಡರೆ ತಲೆ ತಗ್ಗಿಸಿ ಬರುತ್ತದೆ. ಅದರ ಸಿಟ್ಟು ನಾಯಿಯ ಮೇಲೆ, ಆದರೆ ಚೈನ್ ಹಿಡಿದು ನಡುವೆ ಸಿಕ್ಕಿಬೀಳುವವರು ನೀವು. ಎಮ್ಮೆ ನುಗ್ಗಿ ಬಂತು ಅಂದರೆ ಚೈನ್ ಬಿಟ್ಟುಬಿಡಿ. ನಾಯಿ ತಪ್ಪಿಸಿಕೊಳ್ಳುತ್ತದೆ. ನಿಮಗೆ ಅಷ್ಟು ಜೋರಾಗಿ ಓಡೋಕೆ ಆಗಲ್ಲ. ಅದಕ್ಕಿಂತ ಒಳ್ಳೆಯದು ಕೊಟ್ಟಿಗೆಯ ಕಡೆ ನಾಯಿಯನ್ನು ಒಯ್ಯದೇ ಇರುವುದು.

ಇನ್ನು ಕಕ್ಕಸಿನ ವಿಷಯ. ಈ ಮಾತಿಗೆ ಜನ ಮುಜುಗರ ಪಡುತ್ತಾರೆ, ನಾನು ಪಡುವುದಿಲ್ಲ. "ಹೊಲ ಅಲ್ವಾ, ಗೊಬ್ಬರ ಆಗುತ್ತೆ ಬಿಡಿ" ಅನ್ನುತ್ತಾರೆ. ಆಗುವುದಿಲ್ಲ. ಸೆಗಣಿ ಬೇರೆ, ಇದು ಬೇರೆ. ನಿಯೋಸ್ಪೋರಾ ಅಂತ ಒಂದು ಸೂಕ್ಷ್ಮಜೀವಿ ಇದೆ. ನಾಯಿಯ ಕಕ್ಕಸಿನಿಂದ ಅದು ಹುಲ್ಲಿಗೆ, ನೀರಿಗೆ ಸೇರುತ್ತದೆ. ಮೇಯ್ದ ಹಸು ಕಂದು ಹಾಕಬಹುದು. ಹಸುವಿಗೆ ಒಮ್ಮೆ ಅಂಟಿದರೆ ವಾಸಿ ಮಾಡುವ ಔಷಧಿ ಇಲ್ಲ. ನೋಡೋಕೆ ಚೆನ್ನಾಗಿರುವ ನಾಯಿಯಲ್ಲೂ ಅದು ಇರಬಹುದು. ನಾಯಿಗೆ ಅದು ಬರುವುದು ಸೋಂಕಿದ ದನದ ಹಸಿ ಮಾಂಸ, ಮಾಸು ತಿಂದಾಗ. ನಮ್ಮ ಕಡೆ ಎಮ್ಮೆ ಈದ ಮೇಲೆ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ರೂಢಿ ಇದೆ. ಹಾಲು ಚೆನ್ನಾಗಿ ಬರಲಿ ಅಂತ ಹಿರಿಯರು ಕಟ್ಟುತ್ತಿದ್ದರು. ನಾಯಿ ಬಾಯಿಗೆ ಸಿಗದ ಹಾಗೆ ಎತ್ತರದಲ್ಲಿ ಇಡುವುದರಿಂದ ಈ ರೋಗದ ಸರಪಳಿಯೂ ಅಲ್ಲಿ ತುಂಡಾಗುತ್ತದೆ. ನನಗೆ ಇದು ತಿಳಿದ ದಿನ ಆ ಮರವನ್ನು ಬೇರೆ ಗೌರವದಿಂದ ನೋಡಿದೆ. ಹಾಗಾಗಿ ಚೀಲ ತನ್ನಿ, ಎತ್ತಿ, ಕಟ್ಟಿ, ನಾವು ಇಟ್ಟಿರುವ ಮುಚ್ಚಳದ ಡಬ್ಬಿಗೆ ಹಾಕಿ. ಬದುವಿನ ಮೇಲೆ ಚೀಲ ಕಟ್ಟಿ ಬಿಟ್ಟು ಹೋಗುವುದು ಎತ್ತದೇ ಹೋಗುವುದಕ್ಕಿಂತ ಕೆಟ್ಟದ್ದು.

ಕೊಯ್ಲಾದ ಹೊಲದಲ್ಲಿ, ಬೇಸಿಗೆಯ ಹೊತ್ತಿಗೆ ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಅಂತ ಏನಿಲ್ಲ, ಸಣ್ಣ ಕಲ್ಲುಗಳ ನಡುವೆ ಒಂದು ತಗ್ಗು. ಮೊಟ್ಟೆಯ ಬಣ್ಣ ಮಣ್ಣಿನದೇ, ಮೇಲೆ ಕಪ್ಪು ಚುಕ್ಕೆ. ಎದುರಿಗೇ ನಿಂತರೂ ಕಾಣುವುದಿಲ್ಲ. ತಲೆಯ ಮೇಲೆ ಹಕ್ಕಿ ಕಿರುಚುತ್ತಾ ಸುತ್ತಿದರೆ ನಾಯಿಯನ್ನು ಹತ್ತಿರ ಎಳೆದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ನಾಯಿಯನ್ನೂ ಒಯ್ಯಬಹುದಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಕೃಷ್ಣಮೃಗ ತನ್ನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯುತ್ತದೆ. ವಾಸನೆ ಹಿಡಿಯುವ ಪ್ರಾಣಿಯನ್ನು ಅಲ್ಲಿಗೆ ಒಯ್ಯುವುದು ಸರಿಯಲ್ಲ. ಆ ದಿನಕ್ಕೆ ನಾಯಿಯನ್ನು ಮನೆಯಲ್ಲಿ ಯಾರಾದರೂ ನೋಡಿಕೊಳ್ಳಲಿ. ಕಾರಿನಲ್ಲಿ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ.

ನಿಮ್ಮ ನಾಯಿಗೂ ತೋಟದಲ್ಲಿ ಅಪಾಯ ಇದೆ. ಇಲಿಗೆ ಇಡುವ ಜಿಂಕ್ ಫಾಸ್ಫೈಡ್ ಹಿಟ್ಟು ನಾಯಿಗೂ ವಿಷ. ಮಾವು ಹೂ ಬಿಟ್ಟಾಗ ಜಿಗಿಹುಳುವಿಗೆ ಔಷಧಿ ಹೊಡೆಯುತ್ತೇವೆ. ಯಾವ ಸಾಲಿಗೆ ಹೊಡೆದಿದ್ದೇವೆ ಅಂತ ಕೇಳಿ, ಹೇಳುತ್ತೇವೆ. ಹಣ್ಣಿನ ಕಾಲದಲ್ಲಿ ನನಗೆ ಭಯ ಆಗುವುದು ಗೊರಟದ್ದು. ನೆಲಕ್ಕೆ ಬಿದ್ದ ಆಪೂಸು ನಾಯಿಗಳಿಗೆ ಬಲು ಇಷ್ಟ. ಗೊರಟ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗುತ್ತದೆ. ಮೂತಿ ಚಿಕ್ಕದಿರುವ ಪಗ್‌ನಂಥ ನಾಯಿಗಳನ್ನು ಏಪ್ರಿಲ್, ಮೇನಲ್ಲಿ ನಡು ಮಧ್ಯಾಹ್ನ ಹೊರಗೆ ತರಬೇಡಿ. ಅವು ತೇಕಿ ತೇಕಿ ಮೈ ತಂಪು ಮಾಡಿಕೊಳ್ಳಬೇಕು, ಆ ಮೂತಿಯಲ್ಲಿ ಅದು ಕಷ್ಟ.

ಈಗ ಬುಕಿಂಗ್ ಫೋನ್ ಬಂದಾಗಲೇ ನಾವು ಕೇಳುತ್ತೇವೆ: ಹುಚ್ಚುನಾಯಿ ರೋಗದ ಲಸಿಕೆ ಈ ವರ್ಷ ಹಾಕಿಸಿದ್ದೀರಾ, ಪುಸ್ತಕ ತರುತ್ತೀರಾ, ಬೆದೆಗೆ ಬಂದಿದೆಯಾ, ಬೇರೆ ನಾಯಿ ಕಂಡರೆ ಹೇಗಿರುತ್ತದೆ. ಕುರಿ ಹಿಂಡು ಪಕ್ಕದಲ್ಲಿದ್ದರೆ ಅದನ್ನೂ ಆಗಲೇ ಹೇಳುತ್ತೇವೆ, ಯಾಕೆಂದರೆ ಹಿಂಡು ಕಾಯುವ ನಾಯಿಗಳು ಹೊಸ ನಾಯಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೆಲವರು ಬೇರೆ ದಿನ ಬರುತ್ತೇವೆ ಅನ್ನುತ್ತಾರೆ. ಅವರಿಗೆ ಮುಂದಿನ ಸಲ ಒಳ್ಳೆಯ ಕೋಣೆಯನ್ನೇ ಕೊಡುತ್ತೇನೆ.

ಹೊರಡುವಾಗ ಕಾರು ಹತ್ತಿಸುವ ಮೊದಲು ನಾಯಿಯ ಕಿವಿ, ಬೆರಳುಗಳ ಸಂದು, ಬಾಲದ ಬುಡ ಒಮ್ಮೆ ನೋಡಿ. ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆ ಹುಳ ಅಲ್ಲೇ ಕೂತಿರುತ್ತದೆ. ಹಿಸುಕಬೇಡಿ, ಎಣ್ಣೆ ಹಚ್ಚಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಚಿಮಟ ನಿಮ್ಮ ಹತ್ತಿರ ಇಲ್ಲದಿದ್ದರೆ ಆಫೀಸಿನಲ್ಲಿ ಕೇಳಿ, ಗೇಟಿನ ಪಕ್ಕದ ಡ್ರಾಯರಿನಲ್ಲಿ ಇಟ್ಟಿರುತ್ತೇವೆ.