‘ಆನ್ ಆಫ್ ಯಾರ್ ಮಾಡ್ತಾರ್ರಿ ಸರ?’

ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಗದಗಿನ ಒಂದು ಡಿಗ್ರಿ ಕಾಲೇಜಿನವರು ಲೇಸರ್ ಬಗ್ಗೆ ಮಾತಾಡೋಕೆ ಕರೆದಿದ್ದರು. ಧಾರವಾಡದಿಂದ ಹೊರಡುವಾಗ ಬ್ಯಾಗಿನಲ್ಲಿ ಒಂದಿಷ್ಟು ಗ್ರಾಫೈಟ್ ಚೂರು, ಸೆಲ್ಲೋಟೇಪ್ ಹಾಕಿಕೊಂಡೆ. ನನ್ನ ಪಿಎಚ್‌ಡಿ ಕೆಲಸಕ್ಕೂ ಇವಕ್ಕೂ ನೇರ ಸಂಬಂಧ ಇದೆ.

ಮೊದಲು ಟೇಪ್ ಹಂಚಿದೆ. ಚೂರನ್ನು ಟೇಪಿಗೆ ಒತ್ತಿ, ಮಡಚಿ, ಮೆಲ್ಲಗೆ ಬಿಡಿಸಬೇಕು. ಮತ್ತೆ ಮಡಚಬೇಕು, ಬಿಡಿಸಬೇಕು. ಮೊದಲು ಕಪ್ಪಗೆ ಮಿಂಚುತ್ತಿದ್ದ ಕಲೆ ಎರಡಾಯಿತು, ನಾಲ್ಕಾಯಿತು, ಹೋಗ್ತಾ ಹೋಗ್ತಾ ಬೂದು ಬಣ್ಣಕ್ಕೆ ತಿರುಗಿತು. ಕಿಟಕಿಗೆ ಹಿಡಿದರೆ ಕೆಲವು ಕಡೆ ಬೆಳಕು ದಾಟಿ ಬರುತ್ತಿತ್ತು. ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅನ್ನೋ ವಿಜ್ಞಾನಿಗಳು ಹೀಗೇ ಟೇಪ್ ಹಚ್ಚಿ ಗ್ರಾಫೈಟಿನ ಒಂದೇ ಪದರ ಬಿಡಿಸಿ, 2004ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. 2010ರಲ್ಲಿ ನೊಬೆಲ್ ಬಂತು. ಆ ಒಂದು ಪದರವೇ ಗ್ರಾಫೀನ್. ಒಂದು ಮಿಲಿಮೀಟರ್ ಗ್ರಾಫೈಟಿನಲ್ಲಿ ಅಂಥವು ಸುಮಾರು 30 ಲಕ್ಷ ಇರುತ್ತವೆ. ಒಂದು ಪದರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 2.3% ಹೀರುತ್ತದೆ. ಒಂದು ಪರಮಾಣುವಿನಷ್ಟೇ ದಪ್ಪ ಇರೋ ವಸ್ತುವಿಗೆ ಇದು ತುಂಬಾ ಜಾಸ್ತಿ.

ಆಮೇಲೆ ಲೇಸರಿಗೆ ಬಂದೆ. ಲೇಸರ್ ಬೆಳಕು ಹುಟ್ಟಿಸೋ ಗಾಜಿನ ಒಳಗೆ ಇನ್ನೊಂದು ಲೇಸರಿನಿಂದ ಸಣ್ಣ ಗೆರೆಗಳನ್ನು ಎಳೆದರೆ ಬೆಳಕು ಆ ದಾರಿ ಬಿಟ್ಟು ಅತ್ತಿತ್ತ ಹೋಗೋದಿಲ್ಲ. ಅದು ವೇವ್‌ಗೈಡ್. ಎರಡೂ ತುದಿಗೆ ಕನ್ನಡಿ ಇಟ್ಟು, ಒಂದು ತುದಿಯಲ್ಲಿ ಗ್ರಾಫೀನ್ ಕೂರಿಸಿದರೆ ಒಂದೇ ಸಮ ಬರುತ್ತಿದ್ದ ಬೆಳಕು ಪಲ್ಸ್ ಪಲ್ಸ್ ಆಗಿ, ಅಂದರೆ ತುಂಬಾ ಬೇಗ ಬೇಗ ಆನ್ ಆಫ್ ಆದ ಹಾಗೆ ತುಣುಕು ತುಣುಕಾಗಿ ಬರುವಂತೆ ಮಾಡಬಹುದು.

ಮುಳಗುಂದದಿಂದ ದಿನಾ ಬಂದು ಹೋಗೋ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಆನ್ ಆಫ್ ಯಾರ್ ಮಾಡ್ತಾರ್ರಿ? ಅಷ್ಟು ಜಲ್ದಿ ಮಾಡೋ ಸ್ವಿಚ್ ಐತೇನ್ರಿ?"

ಇಡೀ ವಿಷಯದ ತಿರುಳು ಇರೋದೇ ಇಲ್ಲಿ. ಯಾರೂ ಮಾಡೋದಿಲ್ಲ, ವೈರೂ ಇಲ್ಲ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಅದನ್ನು ಹೀರಿ ಮೇಲಿನ ಮಟ್ಟಕ್ಕೆ ಹೋಗುತ್ತದೆ. ಬೆಳಕು ಜೋರಾದರೆ ಮೇಲಿನ ಜಾಗ ತುಂಬಿಬಿಡುತ್ತದೆ. ಆಮೇಲೆ ಬಂದ ಬೆಳಕನ್ನು ಹೀರೋರು ಯಾರೂ ಇಲ್ಲ, ಅದು ಸೀದಾ ದಾಟಿ ಹೋಗುತ್ತದೆ.

ಹಿಂದಿನ ಬೆಂಚಿನಿಂದ ಹುಡುಗನೊಬ್ಬ ಹೇಳಿದ: "ನಮ್ ಬಸ್ಸಿನಂಗ ಆತಲ್ರಿ ಸರ. ಇಬ್ಬರು ಮೂವರು ನಿಂತಿದ್ರ ಎಲ್ಲಾರ್ನೂ ಹತ್ತಿಸ್ಕೋತದ. ಸಂತಿ ದಿನ ಸೀಟ್ ಫುಲ್, ಉಳದವ್ರು ನಡಕೋಂತ ಹೋಗೂದ."

ನಾನು ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ಲೇಸರಿನೊಳಗೆ ಬೆಳಕು ಶುರುವಿನಲ್ಲಿ ಒಂದಿಷ್ಟು ಏರಿಳಿತದಲ್ಲೇ ಇರುತ್ತದೆ. ಸಪ್ಪಗಿರೋ ಭಾಗವನ್ನು ಗ್ರಾಫೀನ್ ಹೀರಿಬಿಡುತ್ತದೆ, ಜೋರಾದ ಭಾಗ ಉಳಿದುಕೊಳ್ಳುತ್ತದೆ. ಪ್ರತಿ ಸುತ್ತಿಗೂ ಅದೇ ಇನ್ನಷ್ಟು ಬಲವಾಗುತ್ತದೆ. ಕೊನೆಗೆ ಉಳಿಯೋದು ಒಂದೇ ಚೂಪಾದ ಪಲ್ಸ್. ವೇವ್‌ಗೈಡಿನಲ್ಲಿ ಬೆಳಕು ಇಕ್ಕಟ್ಟಾದ ಜಾಗದಲ್ಲಿ ಇರೋದರಿಂದ ಸೀಟು ತುಂಬೋದೂ ಸುಲಭ.

ಲೆಕ್ಕ ಮಾಡೋಕೆ ಆ ಹುಡುಗಿಯನ್ನೇ ಬೋರ್ಡಿಗೆ ಕರೆದೆ. ಗಾಜು ಒಂದು ಸೆಂಟಿಮೀಟರ್ ಉದ್ದ, ಹೋಗಿ ಬರೋಕೆ ಎರಡು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್. ಒಂದು ಸುತ್ತಿಗೆ 100 ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ). ಅಂದರೆ ಸೆಕೆಂಡಿಗೆ 1000 ಕೋಟಿ ಪಲ್ಸ್. ಸೊನ್ನೆಗಳನ್ನು ಅವಳು ಎರಡು ಸಲ ಎಣಿಸಿದಳು.

"ಸೀಟ್ ಖಾಲಿ ಆಗಾಕ ಎಷ್ಟೊತ್ತ ಬೇಕ್ರಿ?"

"ಕೆಲವೇ ಪಿಕೋಸೆಕೆಂಡು ತಂಗಿ."

"ಹಂಗಾದ್ರ ಮುಂದಿನ ಪಲ್ಸ್ ಬರೂದ್ರಾಗ ಖಾಲಿ ಆಗಿರ್ತಾವಲ್ರಿ!"

ನಾನು ಹೇಳಬೇಕಾಗಿದ್ದನ್ನು ಅವಳೇ ಹೇಳಿಬಿಟ್ಟಳು. ಇಂಥ ವಿಷಯ ದೊಡ್ಡ ಊರಿನ ಲ್ಯಾಬಿನವರಿಗೆ ಮಾತ್ರ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಪಿಯುಸಿ ಫಿಸಿಕ್ಸು, ಸ್ವಲ್ಪ ಭಾಗಾಕಾರ, ಇಷ್ಟು ಸಾಕಲ್ವಾ?

ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಗ್ರಾಫೀನ್ ಪದರ ಸುತ್ತಿದಂಥ ಅತಿ ಸಣ್ಣ ಕೊಳವೆಗಳ ಬಗ್ಗೆ ಮಾತಾಡೋಕೆ ಟೈಮ್ ಉಳಿದಿರಲಿಲ್ಲ. ಇದೇ ಕೆಲಸಕ್ಕೆ ಅವು ಗ್ರಾಫೀನ್‌ಗಿಂತ ಮೊದಲೇ ಬಂದವು. ಆದರೆ ಯಾವ ಬಣ್ಣದ ಬೆಳಕನ್ನು ಹೀರಬೇಕು ಅನ್ನೋದು ಕೊಳವೆಯ ಅಗಲದ ಮೇಲೆ ನಿಂತಿದೆ. ಗ್ರಾಫೀನ್‌ಗೆ ಆ ಕಟ್ಟುಪಾಡಿಲ್ಲ. ಇಷ್ಟನ್ನು ಅವಸರದಲ್ಲಿ ಹೇಳಿ ಮುಗಿಸಿದೆ.

ಕಾರ್ಯಕ್ರಮ ಆದಮೇಲೆ ಅವಳು ಬಂದು ಎಂಎಸ್ಸಿಗೆ ಯಾವ ಪರೀಕ್ಷೆ ಬರೀಬೇಕು ಅಂತ ಕೇಳಿದಳು. ಐಐಟಿಗಳಂಥ ಕಡೆ ಎಂಎಸ್ಸಿ ಸೇರೋಕೆ ಬರೆಯೋ ಜ್ಯಾಮ್ ಪರೀಕ್ಷೆಯ ಬಗ್ಗೆ ಹೇಳಿದೆ, ಕರ್ನಾಟಕ ವಿಶ್ವವಿದ್ಯಾಲಯದ ಎಂಎಸ್ಸಿ ಬಗ್ಗೆಯೂ ಹೇಳಿದೆ. ಅವಳ ನೋಟ್‌ಬುಕ್ಕಿನಲ್ಲಿ ನನ್ನ ಫೋನ್ ನಂಬರ್ ಬರೆದುಕೊಟ್ಟೆ.